ಟೊಪ್ಪಿಗೆ ತೆಗೆದ ಮೇಲೆ ಬರುವ ಕಾನೂನು

ನಮ್ಮೂರಿನ ಟೀ ಅಂಗಡಿಗೆ ಬರುವ ಪತ್ರಿಕೆಯಲ್ಲಿ ವಾರಕ್ಕೊಂದು ಸಲ ಅರ್ಧ ಪುಟದ ಪ್ರಶ್ನೋತ್ತರ ಇರುತ್ತದೆ. ಓದುಗರು ಕೇಳುತ್ತಾರೆ, ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಉತ್ತರ ಕೊಡುತ್ತಾರೆ. ಇದು ಒಂದು ಪತ್ರಿಕೆಯ ಕತೆಯಲ್ಲ. ಪುಸ್ತಿಕೆಗಳಲ್ಲಿ, ರೇಡಿಯೋದಲ್ಲಿ, ಕಾಲೇಜಿನ ಕಾನೂನು ಅರಿವು ಸಭೆಗಳಲ್ಲಿ ಈ ಬಗೆಯ ಮಾತು ಈಗ ಒಂದು ಸಾಹಿತ್ಯ ಪ್ರಕಾರವೇ ಆಗಿ ಬೆಳೆದಿದೆ. ಅದಕ್ಕೊಂದು ಭಾಷೆ ಇದೆ, ಒಂದು ಶೈಲಿ ಇದೆ, ತನ್ನದೇ ಆದ ಓದುಗ ಇದ್ದಾನೆ. ವಿಮರ್ಶಕ ಮಾತ್ರ ಇಲ್ಲ.

‘ಇಂಥದನ್ನೆಲ್ಲ ವಿಮರ್ಶೆ ಮಾಡಾಕೆ ಕೂತ್ರೆ ಕತೆ ಕಾವ್ಯದ ಗತಿ ಏನಯ್ಯಾ?’ ಅಂತ ಗೆಳೆಯರೊಬ್ಬರು ನಕ್ಕರು. ನಗಲಿ. ನಮ್ಮ ಕೇರಿಯಲ್ಲಿ ಕಾವ್ಯ ಓದುವವರು ನಾಲ್ಕೇ ಜನ. ಈ ಅರ್ಧ ಪುಟವನ್ನು ಮಕ್ಕಳ ಕೈಲಿ ಓದಿಸಿಕೊಂಡು ಕೇಳುವವರು ಅದರ ಹತ್ತರಷ್ಟಿದ್ದಾರೆ. ನವ್ಯದ ಕವಿ ತಪ್ಪು ಬರೆದರೆ ಒಂದು ಕವನ ಕೆಡುತ್ತದೆ, ಅಷ್ಟೆ. ಈ ಅರ್ಧ ಪುಟದಲ್ಲಿ ಒಂದು ಸಾಲು ಬಿಟ್ಟುಹೋದರೆ ಒಬ್ಬ ಮುದುಕ ಠಾಣೆಯ ಮೆಟ್ಟಿಲಿಂದ ವಾಪಸು ಬರುತ್ತಾನೆ. ಹಾಗೆ ವಾಪಸು ಬಂದವನನ್ನು ನಾನು ಕಂಡಿದ್ದೇನೆ. ಅವನನ್ನು ವಾಪಸು ಕರೆತಂದವರಲ್ಲಿ ನಾನೂ ಒಬ್ಬ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಈ ಬರವಣಿಗೆಗೆ ಸಲ್ಲಬೇಕಾದ್ದು ಸಲ್ಲಲಿ. ವಕೀಲರು ಇಂಗ್ಲಿಷಿನಲ್ಲಿ ಮುಚ್ಚಿಟ್ಟದ್ದನ್ನು ಈ ಅಧಿಕಾರಿಗಳು ಕನ್ನಡದಲ್ಲಿ ಬಿಚ್ಚಿ ಹೇಳುತ್ತಾರೆ. ಹಿಡಿದುಕೊಂಡು ಹೋದವನನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು. ಸಾಕ್ಷಿ ಹೇಳಲು ಹೆಂಗಸರನ್ನು, 15 ವರ್ಷದ ಒಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು ಠಾಣೆಗೆ ಬಾ ಅಂತ ಬಲವಂತ ಮಾಡುವ ಹಾಗಿಲ್ಲ, ಅವರಿರುವ ಮನೆಗೇ ಹೋಗಿ ಕೇಳಬೇಕು. ವಿಶೇಷ ಕಾರಣವಿಲ್ಲದೆ ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಕಾಸಿಲ್ಲದೆ ಕೊಡಬೇಕು. ಅಪರಾಧ ನಡೆದದ್ದು ಬೇರೆ ಠಾಣೆಯ ಸರಹದ್ದಿನಲ್ಲಿ ಅಂತ ದೂರುದಾರನನ್ನು ಓಡಿಸುವಂತಿಲ್ಲ. ಇವು ಸಣ್ಣ ಮಾತುಗಳಲ್ಲ. ನಮ್ಮ ಹಾಸ್ಟೆಲ್ಲಿನ ಹುಡುಗರು ಇವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ.

ಆದರೆ ಒಂದು ಬರವಣಿಗೆಯನ್ನು ಓದುವಾಗ ಅದು ಏನು ಹೇಳುತ್ತದೆ ಅನ್ನುವುದರ ಜೊತೆಗೆ ಯಾರಿಗೆ ಹೇಳುತ್ತದೆ ಅಂತಲೂ ಕೇಳಬೇಕು. ಈ ಅಂಕಣಗಳಿಗೆ ಪ್ರಶ್ನೆ ಕಳಿಸುವವರು ಯಾರು? ಪಕ್ಕದ ಮನೆಯವರ ತೆಂಗಿನಮರ ನಮ್ಮ ಕಾಂಪೌಂಡಿಗೆ ಬಾಗಿದೆ, ಏನು ಮಾಡಲಿ? ಬಾಡಿಗೆಯವನು ಮನೆ ಬಿಡುತ್ತಿಲ್ಲ. ಕೊಟ್ಟ ಚೆಕ್ಕು ವಾಪಸಾಯಿತು. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಬರಲೇ ಇಲ್ಲ. ಈ ಪ್ರಶ್ನೆಗಳು ಸುಳ್ಳಲ್ಲ, ಅವಕ್ಕೂ ಉತ್ತರ ಬೇಕು. ಆದರೆ ಇವನ್ನು ಕೇಳುವವನಿಗೆ ಒಂದು ಕಾಂಪೌಂಡಿದೆ, ಬಾಡಿಗೆಗೆ ಕೊಡುವ ಮನೆಯಿದೆ, ಚೆಕ್ಕಿನ ಪುಸ್ತಕವಿದೆ. ಪೊಲೀಸರು ತನ್ನ ಮನೆಗೆ ಬರಲಿಲ್ಲ ಅನ್ನುವುದು ಅವನ ದೂರು. ನಮ್ಮ ಜನರ ದೂರು, ಪೊಲೀಸರು ಬಂದರು ಅಂತ.

ನಮ್ಮ ಕೇರಿಯ ಪ್ರಶ್ನೆಗಳು ಬೇರೆ. ‘ಊರ ದೇವಸ್ಥಾನದ ಮೆಟ್ಲು ಹತ್ತಿದ್ದಕ್ಕೆ ದಂಡ ಹಾಕವ್ರೆ, ಯಾರ್ತವ ಹೇಳ್ಕೊಳನ?’ ‘ಮಗ ಮೇಲ್ಜಾತಿ ಹುಡ್ಗಿ ಜೊತೆ ಹೋದ, ಅವ್ನು ಸಿಕ್ಲಿಲ್ಲ ಅಂತ ನನ್ನ ಎಳ್ಕೊಂಡೋದ್ರು, ಇದ್ಯಾವ ಕಾನೂನು ಸ್ವಾಮಿ?’ ‘ಕೂಲಿ ಕೇಳಿದ್ದಕ್ಕೆ ಕಳ್ತನದ ಕೇಸು ಹಾಕ್ಸಿದ್ರು.’ ಇವು ಆ ಅರ್ಧ ಪುಟದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಸಂಪಾದಕರು ಕಸದ ಬುಟ್ಟಿಗೆ ಹಾಕಿದರು ಅಂತ ನಾನು ಹೇಳುತ್ತಿಲ್ಲ. ಈ ಪ್ರಶ್ನೆಗಳನ್ನು ಬರೆದು, ಅಂಚೆಗೆ ಹಾಕಿ, ಉತ್ತರಕ್ಕಾಗಿ ಎರಡು ವಾರ ಕಾಯುವ ಧೈರ್ಯ ಯಾರಿಗಿದೆ? ಕೆಳಗೆ ಹೆಸರು ಮತ್ತು ಊರು ಬರೆಯಿರಿ ಅನ್ನುತ್ತದೆ ಪತ್ರಿಕೆ. ನಮ್ಮವನು ಊರಿನ ಹೆಸರು ಬರೆದರೆ ಮುಗಿಯಿತು, ಬೆಳಿಗ್ಗೆ ಟೀ ಅಂಗಡಿಯಲ್ಲಿ ಗೌಡರೇ ಅದನ್ನು ಮೊದಲು ಓದುತ್ತಾರೆ.

ಇನ್ನು ಉತ್ತರ ಹೇಳುವವರ ಭಾಷೆ. ‘ದೂರನ್ನು ದಾಖಲಿಸತಕ್ಕದ್ದು.’ ‘ಪ್ರತಿಯನ್ನು ನೀಡತಕ್ಕದ್ದು.’ ‘ಗೌರವದಿಂದ ನಡೆಸಿಕೊಳ್ಳತಕ್ಕದ್ದು.’ ಈ ವಾಕ್ಯಗಳಲ್ಲಿ ಕ್ರಿಯಾಪದವಿದೆ, ಕರ್ತೃ ಇಲ್ಲ. ಯಾರು ದಾಖಲಿಸತಕ್ಕದ್ದು? ದಾಖಲಿಸದೆ ಇದ್ದರೆ ಅವನಿಗೇನು ಆಗತಕ್ಕದ್ದು? ವ್ಯಾಕರಣದಲ್ಲಿ ಮಾಯವಾದ ಈ ಮನುಷ್ಯ ಠಾಣೆಯಲ್ಲಿ ಮಾತ್ರ ಮೇಜಿನ ಹಿಂದೆ ಕೂತಿರುತ್ತಾನೆ. ಅವನ ಕನ್ನಡ ಬೇರೆ. ‘ಏನ್ಲಾ, ಯಾವೂರ್ಲಾ? ಯಾರ್ ಹೇಳ್ಕೊಟ್ರು ನಿಂಗೆ ಇದ್ನೆಲ್ಲ? ಹೋಗ್ಲಾ, ಬರ್ಸ್ಕೊಂಡ್ ಬಾ.’ ಬರೆಸಿಕೊಂಡು ಬಂದರೆ, ‘ಸಾಹೇಬ್ರಿಲ್ಲ, ನಾಳೆ ಬಾ.’ ನಾಳೆ ಹೋದರೆ ಎದುರು ಪಾರ್ಟಿ ಕುರ್ಚಿ ಮೇಲೆ ಕೂತು ಟೀ ಕುಡಿಯುತ್ತಿರುತ್ತದೆ. ಠಾಣೆಯಲ್ಲಿ ಯಾರು ಕುರ್ಚಿಯಲ್ಲಿ ಕೂರುತ್ತಾರೆ, ಯಾರು ಗೋಡೆಗೆ ಒರಗಿ ನಿಲ್ಲುತ್ತಾರೆ ಅನ್ನುವುದಕ್ಕೆ ಕಲಮು ಇಲ್ಲ. ಆದರೆ ಎಲ್ಲರಿಗೂ ಅದು ಬಾಯಿಪಾಠ.

ಮೂವತ್ತು ವರ್ಷ ಆ ಮೇಜಿನ ಹಿಂದೆ ಕೂತು ಬಂದವರಿಗೆ ಈ ಎರಡನೆಯ ಕನ್ನಡ ಗೊತ್ತಿಲ್ಲವೇ? ಗೊತ್ತಿದೆ. ಬರೆಯುವಾಗ ಮಾತ್ರ ಅದನ್ನು ಬಿಟ್ಟುಬಿಡುತ್ತಾರೆ. ಟೊಪ್ಪಿಗೆ ತೆಗೆದ ಮೇಲೆ ಕಾನೂನು ನಾಲಗೆಗೆ ಬರುತ್ತದೆ. ಟೊಪ್ಪಿಗೆ ಹಾಕಿಕೊಂಡಿದ್ದಾಗ ಏನು ನಡೆಯಿತು ಅನ್ನುವುದು ಆಗಲೂ ಹೊರಗೆ ಬರುವುದಿಲ್ಲ. ಇದನ್ನು ಒಬ್ಬ ಅಧಿಕಾರಿಯ ಅಪ್ರಾಮಾಣಿಕತೆ ಅಂದರೆ ತಪ್ಪಾಗುತ್ತದೆ. ಈ ಬರವಣಿಗೆಯ ಪ್ರಕಾರವೇ ಹಾಗಿದೆ. ಅದರಲ್ಲಿ ಪೊಲೀಸನೆಂದರೆ ನಿಯಮ, ಜನರೆಂದರೆ ನಿಯಮ ಗೊತ್ತಿಲ್ಲದವರು. ಗೊತ್ತಾಗಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಅನ್ನುವ ನಂಬಿಕೆ ಅದರ ತಳಹದಿ. ನಮ್ಮ ಅನುಭವ ಇದಕ್ಕೆ ತಿರುಗುಮುರುಗು. ನಮ್ಮವರು ಒದೆ ತಿಂದದ್ದು ಕಾನೂನು ಗೊತ್ತಿಲ್ಲದ್ದಕ್ಕಿಂತ ಹೆಚ್ಚಾಗಿ, ಕಾನೂನು ಗೊತ್ತಿದೆ ಅಂತ ತೋರಿಸಿಕೊಂಡದ್ದಕ್ಕೆ.

ಈಗ ಆ ಮುದುಕನ ಮಾತು.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂತು. ಅಂಕಣದಲ್ಲಿ ಹೊಸ ಕಾನೂನಿನ ಬಗ್ಗೆ ಉತ್ತರಗಳು ಬರತೊಡಗಿದವು. ಒಂದು ಉತ್ತರ ಹೀಗಿತ್ತು: 173ನೇ ಕಲಮಿನ ಪ್ರಕಾರ, ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿರುವ ಅಪರಾಧಗಳಲ್ಲಿ, ಡಿವೈಎಸ್‌ಪಿ ಅನುಮತಿ ಪಡೆದು, ಮೇಲ್ನೋಟಕ್ಕೆ ಕೇಸು ನಿಲ್ಲುತ್ತದೆಯೇ ಅಂತ 14 ದಿನದ ಒಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಹೇಳಿದ್ದು ಸರಿ. ಕಲಮಿನಲ್ಲಿ ಹಾಗೇ ಇದೆ. ಅದನ್ನೂ ಕತ್ತರಿಸಿ ಅಂಟಿಸಿಕೊಂಡೆವು.

ಅದಾದ ಕೆಲವು ತಿಂಗಳಿಗೆ ನನ್ನ ವಿದ್ಯಾರ್ಥಿಯೊಬ್ಬನ ತಾತನಿಗೆ ಹಾಲಿನ ಡೈರಿ ಮುಂದೆ, ಹತ್ತು ಜನರ ಎದುರಿಗೆ, ಜಾತಿ ಹಿಡಿದು ಬೈದು ಕುತ್ತಿಗೆ ಹಿಡಿದು ನೂಕಿದರು. ತಪ್ಪೇನೆಂದರೆ, ಸಾಲಿನಲ್ಲಿ ಅವನ ಕ್ಯಾನು ಮುಂದಿತ್ತು. ಠಾಣೆಗೆ ಹೋದೆವು. ದೂರು ಇಸಕೊಂಡರು. ‘ಹದಿನಾಕು ದಿನ ವಿಚಾರಣೆ ಐತೆ, ಹೋಗಿ, ಕರೀತೀವಿ’ ಅಂದರು. ನಾನು ತಲೆಯಾಡಿಸಿದೆ. ಮೇಷ್ಟ್ರು ನಾನು, ಕತ್ತರಿಸಿದ ತುಂಡು ನನ್ನ ಜೇಬಿನಲ್ಲೇ ಇತ್ತು. ‘ಹೌದು ತಾತ, ಹೊಸ ಕಾನೂನು ಹಂಗೇ ಐತೆ’ ಅಂತ ಅವನಿಗೆ ನಾನೇ ಸಮಾಧಾನ ಹೇಳಿದೆ.

ಆ ಹದಿನಾಲ್ಕು ದಿನದಲ್ಲಿ ವಿಚಾರಣೆ ನಡೆಯಿತೋ ಇಲ್ಲವೋ, ಊರು ಮಾತ್ರ ತನ್ನ ವಿಚಾರಣೆಯನ್ನು ನಡೆಸಿಯೇಬಿಟ್ಟಿತು. ಡೈರಿಯಲ್ಲಿ ಅವನ ಹಾಲಿಗೆ ಡಿಗ್ರಿ ಬರುವುದು ನಿಂತಿತು. ಅಂಗಡಿಯಲ್ಲಿ ಸಾಲ ನಿಂತಿತು. ಮಗನಿಗೆ ಕೂಲಿ ನಿಂತಿತು. ‘ನಮ್ಮ ಮೇಲೇ ಕಲ್ಲು ಎತ್ತಿದ್ದ’ ಅಂತ ಎದುರು ದೂರು ಬಂತು. ಹನ್ನೆರಡನೆಯ ದಿನ ಹಿರೀಕರು ಬಂದು ಕೂತರು. ‘ಅಪ್ಪಯ್ಯ, ಒಂದೂರಲ್ಲಿ ಬಾಳೋರು ನಾವು’ ಅಂದರು. ತಾತ ರಾಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ನನ್ನ ಮುಖ ನೋಡಲಿಲ್ಲ.

ಆಮೇಲೆ ತಾಲ್ಲೂಕಿನ ವಕೀಲ ಗೆಳೆಯರೊಬ್ಬರು ಪುಸ್ತಕ ತೆಗೆದು ಮುಂದಿಟ್ಟರು. ಪರಿಶಿಷ್ಟ ಜಾತಿ ಮತ್ತು ಬುಡಕಟ್ಟುಗಳ ದೌರ್ಜನ್ಯ ತಡೆ ಕಾಯಿದೆ, 1989. ಅದರ 18ಎ ಕಲಮು: ಈ ಕಾಯಿದೆಯ ಅಪರಾಧಕ್ಕೆ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. 20ನೇ ಕಲಮು: ಬೇರೆ ಯಾವ ಕಾನೂನು ಏನೇ ಹೇಳಿದರೂ ಈ ಕಾಯಿದೆಯದೇ ಮೇಲುಗೈ. ಹತ್ತು ಜನರ ಎದುರು ಜಾತಿ ಹಿಡಿದು ಬೈಯುವುದಕ್ಕೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಅಂದರೆ ಹೊಸ ಸಂಹಿತೆಯ ಹದಿನಾಲ್ಕು ದಿನದ ಬಲೆ ಸರಿಯಾಗಿ ಬೀಳುವುದೇ ನಮ್ಮ ಈ ಕೇಸುಗಳ ಮೇಲೆ. ಆ ಬಲೆಯಿಂದ ಕೈಹಿಡಿದು ಎತ್ತುವ ಕಲಮು ಇತ್ತು. ಅಧಿಕಾರಿಗಳು ಅದನ್ನು ಬರೆದಿರಲಿಲ್ಲ. ಅವರಿಗೆ ಪ್ರಶ್ನೆ ಕೇಳಿದವನು ದಲಿತನಾಗಿರಬಹುದು ಅನ್ನುವ ಊಹೆಯೇ ಆ ಉತ್ತರದಲ್ಲಿಲ್ಲ. ಸಾಮಾನ್ಯ ಓದುಗ ಅಂತ ಅವರು ಮನಸ್ಸಿನಲ್ಲಿ ಇಟ್ಟುಕೊಂಡವನಿಗೆ ಜಾತಿ ಇಲ್ಲ. ಈ ದೇಶದಲ್ಲಿ ಜಾತಿ ಇಲ್ಲದವನಂತೆ ಇರಲು ಮೇಲ್ಜಾತಿಯವನಿಗೆ ಮಾತ್ರ ಸಾಧ್ಯ.

ಈ 18ಎ ಎಲ್ಲಿಂದ ಬಂತು ಅನ್ನುವುದನ್ನೂ ಹುಡುಗರು ತಿಳಿಯಬೇಕು. 2013ರ ನವೆಂಬರ್ 12ರಂದು, ಲಲಿತಾ ಕುಮಾರಿ ಪ್ರಕರಣದಲ್ಲಿ, ಗಂಭೀರ ಅಂದರೆ ಪೊಲೀಸರು ತಾವೇ ತನಿಖೆ ಮಾಡಬಹುದಾದ ಅಪರಾಧದ ಸುದ್ದಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಕೆಲವು ಬಗೆಯ ಪ್ರಕರಣಗಳಿಗೆ ಮಾತ್ರ ಪ್ರಾಥಮಿಕ ವಿಚಾರಣೆಗೆ ಅವಕಾಶ ಇಟ್ಟಿತು. 2018ರ ಮಾರ್ಚ್ 20ರಂದು, ಸುಭಾಷ್ ಕಾಶೀನಾಥ ಮಹಾಜನ್ ಪ್ರಕರಣದಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ, ದೌರ್ಜನ್ಯ ಕಾಯಿದೆಯ ದುರುಪಯೋಗ ಆಗುತ್ತಿದೆ ಅಂತ, ದಸ್ತಗಿರಿಗೆ ಮುಂಚೆ ಮೇಲಧಿಕಾರಿಗಳ ಒಪ್ಪಿಗೆ ಬೇಕು, ಪ್ರಾಥಮಿಕ ವಿಚಾರಣೆ ಮಾಡಬಹುದು ಅಂದಿತು. ಏಪ್ರಿಲ್ 2ರಂದು ದೇಶದ ದಲಿತರು ಬೀದಿಗೆ ಇಳಿದರು. ಪ್ರಾಣಗಳು ಹೋದವು. ಅದೇ ಆಗಸ್ಟಿನಲ್ಲಿ ಪಾರ್ಲಿಮೆಂಟು 18ಎ ಕಲಮನ್ನು ಸೇರಿಸಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ರಕ್ತ ಸುರಿಸಿ ಪಡೆದ ಕಲಮು ಇದು. ನನ್ನ ಜೇಬಿನ ತುಂಡಿನಲ್ಲಿ ಅದು ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಅಧಿಕಾರಿಯನ್ನು ಬೈಯುವ ಮೊದಲು ನನ್ನನ್ನು ಬೈದುಕೊಂಡಿದ್ದೇನೆ. ಬಂದ್ ದಿನ ಘೋಷಣೆ ಕೂಗಿದವನು ನಾನು. ಆ ಘೋಷಣೆಯಿಂದ ಏನು ಸಿಕ್ಕಿತು ಅಂತ ಓದಿ ನೋಡಲಿಲ್ಲ.

ಅದೇ ಕಾಯಿದೆಯ 4ನೇ ಕಲಮನ್ನು ನೋಡಿ. ಬಾಯಲ್ಲಿ ಹೇಳಿದ ದೂರನ್ನು ಠಾಣಾಧಿಕಾರಿ ಬರೆಸಿಕೊಂಡು, ಹೇಳಿದವನಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು. ಎಫ್‌ಐಆರ್ ದಾಖಲಿಸಬೇಕು. ಪ್ರತಿಯನ್ನು ಕೂಡಲೇ ಕೊಡಬೇಕು. ಬೇಕೆಂದೇ ಈ ಕರ್ತವ್ಯ ಬಿಟ್ಟ ಅಧಿಕಾರಿಗೆ, ಅವನು ಪರಿಶಿಷ್ಟ ಜಾತಿ ಅಥವಾ ಬುಡಕಟ್ಟಿನವನಲ್ಲದಿದ್ದರೆ, ಆರು ತಿಂಗಳಿಗೆ ಕಡಿಮೆಯಿಲ್ಲದ, ಒಂದು ವರ್ಷದವರೆಗಿನ ಸೆರೆವಾಸ. ಇಲ್ಲಿ ಕಾನೂನಿನ ವಾಕ್ಯಕ್ಕೆ ಕರ್ತೃ ಸಿಕ್ಕಿಬಿಟ್ಟ! ಆದರೆ ಅದರ ಬಾಲದಲ್ಲಿ ಇನ್ನೊಂದು ಮಾತಿದೆ: ಆ ಅಧಿಕಾರಿಯ ಮೇಲೆ ಆರೋಪ ಹೊರಿಸಲು ಆಡಳಿತ ವಿಚಾರಣೆಯ ಶಿಫಾರಸು ಬೇಕು. ನಮ್ಮ ತಾತನ ಮೇಲೆ ಎದುರು ದೂರು ಹಾಕಲು ಯಾರ ಶಿಫಾರಸೂ ಬೇಕಾಗಲಿಲ್ಲ. ಒಂದೇ ಠಾಣೆಯಲ್ಲಿ ಎರಡು ತೂಕದ ಕಲ್ಲು. ಇದನ್ನು ಒಳಗಿದ್ದವರೇ ಬಿಡಿಸಿ ಬರೆಯಬೇಕಿತ್ತು.

ಅಂಕಣದ ಇನ್ನೊಂದು ಮಿತಿ, ಅದರ ಕತೆ ಎಫ್‌ಐಆರ್‌ಗೇ ಮುಗಿದುಹೋಗುತ್ತದೆ. ದೂರು ದಾಖಲಾಯಿತು, ಶುಭಂ. ಕಂಬಾಲಪಲ್ಲಿಯಲ್ಲಿ ಎಫ್‌ಐಆರ್ ಆಗಿತ್ತು. 2000ದ ಮಾರ್ಚ್ 11ರಂದು, ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಹೇಳಿತು. ಏಳು ಹೆಣ ಇತ್ತು, ಕೊಂದವರಿಲ್ಲ. ಅದೇ 2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುಪಾಲಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಈ ಎರಡು ಊರುಗಳಿಗೂ ಕಾನೂನು ಒಂದೇ. ಒಂದು ಕಡೆ ಸಾಕ್ಷಿ ಉಳಿಯಲಿಲ್ಲ, ಇನ್ನೊಂದು ಕಡೆ ಕೇಸು ಶಿಕ್ಷೆಯವರೆಗೆ ಉಳಿಯಿತು. ಸಾಕ್ಷಿ ಹೇಳಿದವನು ಸಂಜೆ ಅದೇ ಊರಿಗೆ ವಾಪಸು ಹೋಗಬೇಕು, ಅದೇ ಹೊಲದಲ್ಲಿ ಕೂಲಿ ಮಾಡಬೇಕು. ಅವನನ್ನು ಉಳಿಸಿಕೊಳ್ಳುವುದು ಹೇಗೆ ಅನ್ನುವ ಪ್ರಶ್ನೆ ಯಾವ ಅರ್ಧ ಪುಟದಲ್ಲಿದೆ?

ಇದಕ್ಕೆಲ್ಲ ಕಾರಣ ಕೆಟ್ಟ ಪೇದೆ, ಒಳ್ಳೆಯ ಇನ್ಸ್‌ಪೆಕ್ಟ್ರು ಅನ್ನುವ ಲೆಕ್ಕವಲ್ಲ. ಪೊಲೀಸ್ ಅನ್ನುವುದು ಯಾವ ಅಚ್ಚಿನಲ್ಲಿ ಎರೆದದ್ದು ಅಂತ ನೋಡಿ. 1857ರ ದಂಗೆ ಅಡಗಿಸಿದ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯಿದೆ ಮಾಡಿದರು. ಹತ್ತೇ ವರ್ಷಕ್ಕೆ, 1871ರಲ್ಲಿ, ಹುಟ್ಟಿನಿಂದಲೇ ಕಳ್ಳರು ಅಂತ ಕೆಲವು ಜಾತಿಗಳನ್ನು ಪಟ್ಟಿಮಾಡುವ ಕಾಯಿದೆ ಬಂತು. ಅದು 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಅನ್ನುವ ಹೆಸರು ಇವತ್ತಿಗೂ ಉಳಿದಿದೆ. ಊರಲ್ಲಿ ಕಳ್ಳತನವಾದರೆ ಮೊದಲು ಯಾವ ಹಟ್ಟಿಗೆ ಜೀಪು ಹೋಗುತ್ತದೆ ಅಂತ ಕೊರಚರನ್ನು ಕೇಳಿ. 1980ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗದ ಮೂರನೆಯ ವರದಿ, ದಸ್ತಗಿರಿಗಳಲ್ಲಿ ಸುಮಾರು ನೂರಕ್ಕೆ ಅರವತ್ತು ಅನಗತ್ಯ ಅಥವಾ ಅಸಮರ್ಥನೀಯ ಅಂದಿತ್ತು. ಸರ್ಕಾರದ ಆಯೋಗವೇ ಹೇಳಿದ ಮಾತು ಇದು, ಬಂಡಾಯದವರ ಭಾಷಣವಲ್ಲ.

ಒಬ್ಬ ನಿವೃತ್ತ ಅಧಿಕಾರಿ ಬೇರೆ ಕೆಲಸವನ್ನೂ ಮಾಡಬಲ್ಲರು ಅನ್ನುವುದಕ್ಕೆ ಉದಾಹರಣೆ ಇದೆ. ಉತ್ತರ ಪ್ರದೇಶದ ಪೊಲೀಸ್ ಮುಖ್ಯಸ್ಥರಾಗಿದ್ದ ಪ್ರಕಾಶ್ ಸಿಂಗ್ ನಿವೃತ್ತಿಯಾದ ಮೇಲೆ, 1996ರಲ್ಲಿ, ಸುಪ್ರೀಂ ಕೋರ್ಟಿಗೆ ಹೋದರು. ಜನರ ಪ್ರಶ್ನೆಗೆ ಉತ್ತರ ಹೇಳುತ್ತಾ ಕೂರದೆ ತಾವೇ ಸರ್ಕಾರಕ್ಕೆ ಪ್ರಶ್ನೆ ಹಾಕಿದರು. ಹತ್ತು ವರ್ಷವಾದ ಮೇಲೆ, 2006ರ ಸೆಪ್ಟೆಂಬರ್ 22ರಂದು, ಕೋರ್ಟು ಏಳು ನಿರ್ದೇಶನ ಕೊಟ್ಟಿತು. ಪೊಲೀಸರ ಮೇಲಿನ ದೂರು ಕೇಳಲು ರಾಜ್ಯದಲ್ಲಿ, ಜಿಲ್ಲೆಯಲ್ಲಿ ಪ್ರಾಧಿಕಾರ ಇರಬೇಕು ಅನ್ನುವುದು ಅವುಗಳಲ್ಲೊಂದು. ಇದು ದೊಡ್ಡ ಕೆಲಸ. ಆದರೂ ಒಂದು ಮಾತು ಹೇಳಲೇಬೇಕು. ಆ ಏಳರ ಒತ್ತು ಪೊಲೀಸರನ್ನು ರಾಜಕಾರಣಿಯ ಕೈಯಿಂದ ಬಿಡಿಸುವುದರ ಮೇಲಿದೆ. ಜಾತಿಯ ಕೈಯಿಂದ ಬಿಡಿಸುವುದು ಅದರೊಳಗಿಲ್ಲ. ಎಂ.ಎಲ್.ಎ. ಫೋನು ಮಾಡದಿದ್ದರೂ ಠಾಣೆಯಲ್ಲಿ ಗೌಡರಿಗೆ ಕುರ್ಚಿ ಸಿಗುತ್ತದೆ.

ಹಾಗಾದರೆ ಈ ಅಂಕಣಗಳನ್ನು ಎಸೆಯೋಣವೇ? ಬೇಡ. ನಾವೇ ಬರೆಯೋಣ. ನಮ್ಮ ಪ್ರಶ್ನೋತ್ತರದಲ್ಲಿ ಒಂದು ಪ್ರಶ್ನೆಗೆ ಮೂರು ಉತ್ತರ ಇರಲಿ: ಪುಸ್ತಕ ಏನು ಹೇಳುತ್ತದೆ, ಠಾಣೆ ಏನು ಹೇಳುತ್ತದೆ, ಆಗ ನಾವು ಏನು ಮಾಡಬೇಕು. ಒಂದನ್ನು ಇಲ್ಲೇ ಬರೆದು ತೋರಿಸುತ್ತೇನೆ.

ಪ್ರಶ್ನೆ: ಜಾತಿ ನಿಂದನೆಯ ದೂರು ತೆಗೆದುಕೊಳ್ಳುತ್ತಿಲ್ಲ. ಪುಸ್ತಕ: ದೌರ್ಜನ್ಯ ತಡೆ ಕಾಯಿದೆ 4 ಮತ್ತು 18ಎ, ಕೂಡಲೇ ದಾಖಲಿಸಬೇಕು. ಠಾಣೆ: ‘ಹದಿನಾಕು ದಿನ ಬಿಟ್ಟು ಬಾ’, ಇಲ್ಲವೇ ‘ರಾಜಿ ಮಾಡ್ಕೊಳ್ರೋ’. ನಾವು: ಒಬ್ಬನೇ ಹೋಗಬಾರದು, ಐದು ಜನ ಹೋಗಬೇಕು. ದೂರಿನಲ್ಲಿ ಬೈದ ಮಾತನ್ನು, ಜಾಗವನ್ನು, ಕೇಳಿಸಿಕೊಂಡವರ ಹೆಸರನ್ನು ನಾಚಿಕೆಯಿಲ್ಲದೆ ಬರೆಯಬೇಕು, ನಾಚಬೇಕಾದವನು ಬೈದವನು. ಬಾಯಿಮಾತಿನ ವಾಯಿದೆಗೆ ಒಪ್ಪದೆ ಹಿಂಬರಹ ಬರೆದುಕೊಡಿ ಅಂತ ಕೇಳಬೇಕು. ಕೊಡದಿದ್ದರೆ ಅದೇ ದಿನ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಹಾಕಿ ರಸೀತಿ ಇಟ್ಟುಕೊಳ್ಳಬೇಕು. ಅಲ್ಲೂ ಆಗದಿದ್ದರೆ ಕೋರ್ಟಿಗೆ ಅರ್ಜಿ. ಪರಿಶಿಷ್ಟರಿಗೆ, ವರಮಾನ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಉಚಿತ ವಕೀಲರು ಸಿಗುತ್ತಾರೆ. ಎಲ್ಲಕ್ಕಿಂತ ಮುಖ್ಯ, ದೂರು ಕೊಟ್ಟವನ ಮನೆಯಲ್ಲಿ ಆ ದಿನಗಳಲ್ಲಿ ಒಲೆ ಉರಿಯುತ್ತಿದೆಯೇ ಅಂತ ಸಂಘಟನೆ ನೋಡಬೇಕು. ತಾತ ಸೋತದ್ದು ಕೋರ್ಟಿನಲ್ಲಿ ಅಲ್ಲ, ಡೈರಿಯಲ್ಲಿ ಮತ್ತು ಅಂಗಡಿಯಲ್ಲಿ.

ಕೊನೆಯದಾಗಿ ಒಂದು ಕೋರಿಕೆ. ಅಧಿಕಾರಿಗಳ ಉತ್ತರ ಸಾಕಷ್ಟು ಓದಿದ್ದೇವೆ. ನಮ್ಮ ಕೇರಿಗಳಿಂದ ಹೋಗಿ ಮೂವತ್ತು ವರ್ಷ ಪೇದೆಯಾಗಿ ದುಡಿದು, ಪೆನ್ಷನ್ ತೆಗೆದುಕೊಂಡು ವಾಪಸು ಬಂದ ಅಣ್ಣಂದಿರಿದ್ದಾರೆ. ಲಾಕಪ್ಪಿನ ಬಾಗಿಲಲ್ಲಿ ನಿಂತವರು ಅವರು. ತಮ್ಮದೇ ಜನ ಒದೆ ತಿನ್ನುವಾಗ ಗೋಡೆ ನೋಡುತ್ತಾ ನಿಲ್ಲಬೇಕಾಗಿ ಬಂದವರು, ಸಾಹೇಬರ ಮನೆಯ ಕಸ ಗುಡಿಸಬೇಕಾಗಿ ಬಂದವರು. ಅವರನ್ನು ಯಾವ ಪತ್ರಿಕೆಯೂ ಅಂಕಣ ಬರೆಯಿರಿ ಅಂತ ಕರೆಯುವುದಿಲ್ಲ. ನಾವು ಕರೆಯೋಣ. ‘ಅಣ್ಣಾ, ಪುಸ್ತಕದಾಗಿರೋದು ಬುಡು, ಒಳಗೆ ಏನ್ ನಡೀತಿತ್ತು ಹೇಳು’ ಅಂತ ಕೇಳಿ ಬರೆದುಕೊಳ್ಳೋಣ. ಮೇಷ್ಟ್ರುಗಳೇ, ಹಾಸ್ಟೆಲ್ಲಿನ ಹುಡುಗರೇ, ನಿಮ್ಮ ಕೇರಿಯ ಪ್ರಶ್ನೆಗಳನ್ನು ಈ ಪತ್ರಿಕೆಗೆ ಕಳಿಸಿ. ಹೆಸರು, ಊರು ಬರೆಯಬೇಕಾಗಿಲ್ಲ. ಗೋಡೆಯ ಮೇಲಿನ ಆ ಹಳೆಯ ತುಂಡನ್ನು ಕೀಳಬೇಡಿ. ಅದರ ಪಕ್ಕದಲ್ಲಿ 18ಎ ಅಂತ ಕೆಂಪು ಶಾಯಿಯಲ್ಲಿ ಬರೆಯಿರಿ. ನಾನು ಬರೆದಿದ್ದೇನೆ. ತಡವಾಗಿ ಬರೆದೆ.